‘ಬೀಳುವುದಿಲ್ಲ ಮೇಡಂ’

ಈ ವಾರ ಚಿಕ್ಕಪ್ಪನ ತೋಟಕ್ಕೆ ತಪಾಸಣೆಯವರು ಬಂದಿದ್ದರು. ಸಕಲೇಶಪುರ ಕಡೆಯ ಕೆಲವು ಸಣ್ಣ ಕಾಫಿ ಬೆಳೆಗಾರರು ಖರ್ಚು ಹಂಚಿಕೊಂಡು, ತೋಟದ ನೆರಳಿನ ಸಿಲ್ವರ್ ಓಕ್ ಮರಗಳಿಗೆ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಗುಂಪು ಪ್ರಮಾಣಪತ್ರ ಪಡೆಯಲು ಹೊರಟಿದ್ದಾರೆ. ಮರವನ್ನು ಹೊಣೆಯರಿತು ಬೆಳೆಸಿ ಕಡಿದಿದ್ದಾರೆ ಎಂದು ಹೇಳುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಅದು. ಪಹಣಿ, ನಕ್ಷೆ, ಕಡಿದ ಮರಗಳ ಲೆಕ್ಕ ಎಲ್ಲವನ್ನೂ ಚಿಕ್ಕಪ್ಪ ಫೈಲಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು.

ಬಂದ ಮಹಿಳೆ ಫೈಲು ಬಿಚ್ಚುವ ಮೊದಲೇ ತೋಟಕ್ಕೆ ಇಳಿದರು. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತಿತ್ತು. ಒಂಟಿ ಬಿದಿರಿನ ಏಣಿ, ಸೊಂಟದಲ್ಲಿ ಕತ್ತಿ, ಬರಿಗಾಲು. ಮೆಣಸಿನ ಬಳ್ಳಿಗೆ ಕಾಲು ತಾಗದಂತೆ ಕೊಂಬೆಯಿಂದ ಕೊಂಬೆಗೆ ದಾಟುತ್ತಿದ್ದವನು ಕೆಳಗಿಳಿದಾಗ ಕೇಳಿದರು: ‘ಬಿದ್ದರೆ ಏನು ಮಾಡುತ್ತೀರಿ?’

‘ಬೀಳುವುದಿಲ್ಲ ಮೇಡಂ.’

ಆಕೆ ಬಿಡಲಿಲ್ಲ. ‘ಹಗ್ಗ ಕೊಟ್ಟಿದ್ದಾರೆಯೇ?’ ಅವನು ಚಿಕ್ಕಪ್ಪನ ಮುಖ ನೋಡಿದ. ಮತ್ತೆ ಅದೇ ಮಾತು: ‘ಬೀಳುವುದಿಲ್ಲ.’

ಅಂದಿನಿಂದ ಆ ಉತ್ತರ ಕಿವಿಯಲ್ಲೇ ಕುಳಿತಿದೆ. ಅದು ಧೈರ್ಯದ ಮಾತಲ್ಲ. ಬಿದ್ದರೆ ಕೇಳುವವರಿಲ್ಲ ಎಂದು ಗೊತ್ತಿರುವವನು ಇನ್ನೇನು ಹೇಳಬೇಕು? ನಮ್ಮ ಸೀಮೆಯಲ್ಲಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರಿಲ್ಲದ ಊರಿಲ್ಲ. ಚಿಕ್ಕಪ್ಪ ಕೆಟ್ಟವರಲ್ಲ, ಆಳುಗಳ ಮಕ್ಕಳ ಶಾಲೆಯ ಫೀಜು ಕಟ್ಟಿದ ಮನುಷ್ಯ. ಆದರೆ ಫೀಜು ಕಟ್ಟುವುದು ಅವರ ದೊಡ್ಡತನ, ಹಗ್ಗ ಕೊಡುವುದು ಅವರ ಹೊಣೆ. ಈ ವ್ಯತ್ಯಾಸ ನಮ್ಮ ಬೆಳೆಗಾರರಲ್ಲಿ ಬಹಳ ಮಂದಿಗೆ ಇನ್ನೂ ಅರ್ಥವಾಗಿಲ್ಲ.

ಮರದ ಪ್ರಮಾಣಪತ್ರಕ್ಕೂ ಆಳಿನ ಹಗ್ಗಕ್ಕೂ ಏನು ಸಂಬಂಧ ಎಂದು ಪಕ್ಕದ ತೋಟದವರು ಗೊಣಗಿದರು. ಸಂಬಂಧವಿದೆ: 1993ರಲ್ಲಿ ಹುಟ್ಟಿದ ಎಫ್‌ಎಸ್‌ಸಿಯ ಹತ್ತು ತತ್ವಗಳಲ್ಲಿ ಎರಡನೆಯದೇ ಕಾರ್ಮಿಕರ ಹಕ್ಕು. ನಮ್ಮ ಕೇಂದ್ರ ಸರ್ಕಾರವೂ 2023ರ ಡಿಸೆಂಬರಿನಲ್ಲಿ ತನ್ನದೇ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆ ಆರಂಭಿಸಿತು. ಕಾಡಿನ ಹೊರಗಿನ ಮರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ, ಹೊನ್ನೆಗೂ ಬೀಟೆಗೂ ಬೇಕು. ಹಾಗಾಗಿಯೇ ತೋಟಗಳಲ್ಲಿ ಕಾಡುಮರ ಕರಗಿ ಆಸ್ಟ್ರೇಲಿಯದಿಂದ ಬಂದ ಈ ಸಿಲ್ವರ್ ಓಕ್ ತುಂಬಿದೆ. ಯಾವ ಮರ ಉಳಿಸಿದಿರಿ ಎಂದು ಕೇಳುವವರು ಬಂದದ್ದು ಒಳ್ಳೆಯದೇ. ಮರ ಹತ್ತುವವನನ್ನೂ ಕೇಳಿದ್ದು ಇನ್ನೂ ಒಳ್ಳೆಯದು.

ಪ್ರಮಾಣಪತ್ರ ಕೈಗೆ ಬರಲಿ, ಆಮೇಲೆ ಹಗ್ಗ, ಬೆಲ್ಟು ತರಿಸೋಣ ಎಂದರು ಚಿಕ್ಕಪ್ಪ. ಮರಗಸಿ ಇನ್ನೂ ಅರ್ಧ ಬಾಕಿಯಿದೆ, ನಾಳೆಯೇ ತರಿಸಿ, ಅಲ್ಲಿಯವರೆಗೆ ಯಾರನ್ನೂ ಮರ ಹತ್ತಿಸಬೇಡಿ ಎಂದೆ. ಚಿಕ್ಕಮ್ಮ ನನ್ನ ಪರ ನಿಂತರು.