ಪ್ಲಾನೆಟ್ ಝೂನಲ್ಲಿ ಒಂದು ಕಾನು

ಮೂರು ತಿಂಗಳಿಂದ ರಾತ್ರಿ ಊಟ ಆದಮೇಲೆ ಒಂದು ಗಂಟೆ, ಶನಿವಾರ ಆದರೆ ಇನ್ನೂ ಜಾಸ್ತಿ ಹೊತ್ತು, ನಾನು ಒಂದು ಕಾಡು ಬೆಳೆಸುತ್ತಿದ್ದೇನೆ. ಪ್ಲಾನೆಟ್ ಝೂ ಅನ್ನೋ ಆಟದಲ್ಲಿ. 2019ರ ನವೆಂಬರ್‌ನಲ್ಲಿ ಬಂದ ಆಟ ಇದು, ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಕಂಪನಿ ಮಾಡಿದ್ದು. ಖಾಲಿ ಜಾಗ ಸಿಗುತ್ತದೆ, ನೆಲ ಅಗೆದು, ಗುಡ್ಡ ಎಬ್ಬಿಸಿ, ನೀರು ತುಂಬಿಸಿ, ಗಿಡ ನೆಟ್ಟು, ಪ್ರಾಣಿ ತಂದು ಒಂದು ಝೂ ಕಟ್ಟಬೇಕು. ಪ್ರಾಣಿಗಳಿಗೆ ಹೊಟ್ಟೆ ತುಂಬಿದರೆ ಮಾತ್ರ ಸಾಲದು. ಹುಲಿ ಮೇಲೆ ಒತ್ತಿದರೆ ಅದಕ್ಕೆ ಎಷ್ಟು ಉದ್ದ ಹುಲ್ಲು ಬೇಕು, ಎಷ್ಟು ಬರೀ ಮಣ್ಣು ಬೇಕು, ಎಷ್ಟು ಗಿಡಮರ, ಎಷ್ಟು ಸೆಕೆ, ಮಲಗೋಕೆ ಸೂರು, ಆಡೋಕೆ ಏನಾದರೂ, ಎಲ್ಲದಕ್ಕೂ ಒಂದೊಂದು ಪಟ್ಟಿ ಕಾಣುತ್ತದೆ. ಬೇರೆ ಖಂಡದ ಗಿಡ ಹಾಕಿದರೆ ಅದಕ್ಕೂ ಅಂಕ ಇಳಿಯುತ್ತದೆ. ನನಗೆ ಈ ಆಟ ಹಿಡಿಸಿದ್ದೇ ಇದಕ್ಕೆ.

ಮೊದಲ ಸಲ ಟ್ರಾಪಿಕಲ್ ಝೂ ಕಟ್ಟುವಾಗ ಸಾಮಾನ್ಯವಾಗಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ದಾರಿಯ ಎರಡೂ ಕಡೆ ತೆಂಗು, ತಾಳೆ ತರಹದ ಮರಗಳು, ಹುಲ್ಲು ಹೊದಿಸಿದ ಗುಡಿಸಲು, ಬಿದಿರಿನ ಗೇಟು, ಎಲ್ಲಿ ನೋಡಿದರೂ ಕೆಂಪು ಹಳದಿ ಹೂವು. ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಒಂದು ದಿನ ಕ್ಯಾಮೆರಾವನ್ನು ಮನುಷ್ಯರ ಎತ್ತರಕ್ಕೆ ಇಳಿಸಿ ಆ ದಾರಿಯಲ್ಲಿ ನಡೆದಾಗ ಏನೋ ತಪ್ಪಿದೆ ಅನಿಸಿತು. ಎಲ್ಲಾ ಕಾಣುತ್ತಿತ್ತು. ಹುಲಿ, ಅದರ ಆಚೆ ಬೇಲಿ, ಬೇಲಿ ಆಚೆ ಕ್ಯಾಂಟೀನು, ಅದರಾಚೆ ಇನ್ನೊಂದು ಪ್ರಾಣಿಯ ಮನೆ. ಮಳೆಕಾಡಿನಲ್ಲಿ ಹಾಗೆ ಎಲ್ಲಾ ಕಾಣುವುದಿಲ್ಲ.

ನಮ್ಮೂರು ಹೊಸನಗರ ತಾಲೂಕಿನಲ್ಲಿ. ಮನೆ ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದನ್ನು ದಾಟಿದರೆ ಒಂದಿಷ್ಟು ಬ್ಯಾಣ ಅಂದರೆ ಹುಲ್ಲುಗಾವಲು, ಆಮೇಲೆ ಕಾನು ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು. ಬ್ಯಾಣದ ಬಿಸಿಲಿನಿಂದ ಕಾನಿನೊಳಗೆ ಕಾಲಿಟ್ಟರೆ ಸ್ವಲ್ಪ ಹೊತ್ತು ಕಣ್ಣಿಗೆ ಏನೂ ಹತ್ತುವುದಿಲ್ಲ. ಮೊದಲು ಮೈಗೆ ತಂಪು ತಾಗುತ್ತದೆ, ಆಮೇಲೆ ಕೊಳೆತ ದರಗಿನ, ಅಂದರೆ ಉದುರಿದ ಎಲೆಗಳ, ವಾಸನೆ, ಆಮೇಲೆ ಜೀರುಂಡೆ ಸದ್ದು, ಅದರ ಅಡಿಯಲ್ಲಿ ಎಲ್ಲೋ ಹಳ್ಳ ಹರಿಯುವ ಸದ್ದು. ಹೂವು ಬಿಟ್ಟಿದ್ದರೂ ಅದು ನೂರಡಿ ಮೇಲೆ, ಕಾಲ ಕೆಳಗೆ ಬಿದ್ದ ಎಸಳು ನೋಡಿದ ಮೇಲೇ ಓಹೋ ಮೇಲೆ ಹೂವಾಗಿದೆ ಅಂತ ಗೊತ್ತಾಗುವುದು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಕೊಟ್ಟಿಗೆಗೆ ದರಗು ತರೋಕೆ ಹೋಗುತ್ತಿದ್ದೆ, ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಳ್ಳುತ್ತಾ. ಕಾಡುಪ್ರಾಣಿ ನೋಡಿದ್ದು ತೀರಾ ಕಡಿಮೆ. ಇದೆ ಅಂತ ಮಾತ್ರ ಗೊತ್ತಿರುತ್ತಿತ್ತು, ಹೆಜ್ಜೆ ಗುರುತು, ಲದ್ದಿ, ಅಲ್ಲಾಡಿ ನಿಂತ ಕೊಂಬೆ ನೋಡಿ. ಆಟದಲ್ಲೂ ಆ ಕಾನನ್ನೇ ಮಾಡಬೇಕು ಅಂತ ಹಳೆಯದನ್ನು ಪೂರ್ತಿ ಅಳಿಸಿದೆ.

ಮೊದಲು ಪ್ರಾಣಿಗಳ ವಿಷಯ. ಈ ಆಟಕ್ಕೆ ಆಗಾಗ ಹೊಸ ಪ್ರಾಣಿಗಳನ್ನು ಸೇರಿಸುವ ಪ್ಯಾಕ್‌ಗಳು ಬರುತ್ತಿದ್ದವು, 2023ರಲ್ಲಿ ಟ್ರಾಪಿಕಲ್ ಪ್ಯಾಕ್ ಅಂತ ಒಂದು ಬಂತು. ಅದರಲ್ಲಿರುವ, ಮರಕ್ಕೆ ಜೋತುಬಿದ್ದಿರುವ ನಿಧಾನದ ಪ್ರಾಣಿ ಸ್ಲಾತ್ ಅಮೆರಿಕ ಖಂಡದ್ದು, ಬೆಕ್ಕಿನಂಥ ಬೇಟೆಪ್ರಾಣಿ ಫೋಸಾ ಮಡಗಾಸ್ಕರಿನದ್ದು, ಕೆಂಪು ಕಾಡುಹಂದಿ ಆಫ್ರಿಕಾದ್ದು, ಬಾಲವಿಲ್ಲದ ವಾನರ ಗಿಬ್ಬನ್ ಮತ್ತು ನೀರಿನ ಉಡ ನಮ್ಮ ಏಷ್ಯಾದವು. ಎಲ್ಲಾ ಸೆಕೆ ನಾಡಿನವೇ ಹೌದು, ಆದರೆ ಒಂದೇ ಕಾಡಿನವಲ್ಲ. ಐದನ್ನೂ ಒಂದೇ ದಾರಿಯಲ್ಲಿ ಸಾಲಾಗಿ ಇಟ್ಟರೆ ಅಂಗಡಿ ಕಪಾಟಿನ ಹಾಗಾಗುತ್ತದೆ. ನಾನು ಏಷ್ಯಾದವನ್ನು ಮಾತ್ರ ಆರಿಸಿದೆ. ಬಂಗಾಳ ಹುಲಿ, ನವಿಲು, ಆಗ್ನೇಯ ಏಷ್ಯಾ ಪ್ಯಾಕಿನಿಂದ ಸೀಳುನಾಯಿ. ಸೀಳುನಾಯಿ ಬಂದಿದ್ದು ನನಗೆ ದೊಡ್ಡ ಖುಷಿ, ಬಂಡೀಪುರ ನಾಗರಹೊಳೆ ಕಡೆ ಹಿಂಡು ಕಟ್ಟಿಕೊಂಡು ಹಗಲಿನಲ್ಲೇ ಬೇಟೆಯಾಡುವ, ಸಿಳ್ಳೆ ಹಾಕಿ ಒಂದನ್ನೊಂದು ಕರೆಯುವ ಈ ನಾಯಿಯನ್ನು ಎಷ್ಟು ಜನ ನೋಡಿದ್ದಾರೆ ಹೇಳಿ? ಆನೆ ತರಲಿಲ್ಲ. ಅದಕ್ಕೆ ಬೇಕಾದಷ್ಟು ಜಾಗ ಕೊಟ್ಟರೆ ಉಳಿದವಕ್ಕೆ ಏನೂ ಉಳಿಯುತ್ತಿರಲಿಲ್ಲ. ಸಿಂಗಳೀಕ ನನ್ನ ಹತ್ತಿರ ಇರುವ ಪ್ಯಾಕ್‌ಗಳಲ್ಲಿ ಇಲ್ಲ, ಹಾಗಾಗಿ ಮರದ ತುದಿಯಲ್ಲಿ ಓಡಾಡೋಕೆ ಗಿಬ್ಬನ್ ಜೋಡಿ ತಂದೆ. ಅದು ಥಾಯ್ಲೆಂಡ್, ಮಲೇಷ್ಯಾ, ಸುಮಾತ್ರಾ ಕಡೆಯದ್ದು, ನಮ್ಮ ಘಟ್ಟದ್ದಲ್ಲ. ಆದರೆ ಮೇಲೆ ಏನೂ ಅಲ್ಲಾಡದ ಕಾಡು ಕಾಡಲ್ಲ ಅಲ್ವಾ.

ಇನ್ನು ಮರ. ಇಲ್ಲಿ ನನಗೆ ಹಿಡಿದ ಸಮಯ ಬೇರೆ ಯಾವುದಕ್ಕೂ ಹಿಡಿದಿಲ್ಲ. ಹೊನ್ನೆ, ನಂದಿ, ರಾಮಪತ್ರೆ ಅಂತ ಹೆಸರು ಹಿಡಿದು ಹುಡುಕಲಿಲ್ಲ. ಎತ್ತರ ಎಷ್ಟು, ಕಾಂಡ ನೆಟ್ಟಗಿದೆಯಾ, ಬುಡದ ಬೇರು ಗೋಡೆಯ ಹಾಗೆ ಎದ್ದಿದೆಯಾ ಅಂತ ನೋಡಿ ಆರಿಸಿದೆ. ಮೇಲಿನ ಅಂತಸ್ತಿಗೆ ಭಾರಿ ಮರಗಳು, ನೆತ್ತಿಗೆ ನೆತ್ತಿ ತಾಗುವ ಹಾಗೆ. ಅದರ ಕೆಳಗೆ ಅದೇ ಮರಗಳನ್ನೇ ನೆಲದೊಳಗೆ ಅರ್ಧ ಹುಗಿದು ಗಿಡ್ಡ ಮಾಡಿ ಎರಡನೇ ಅಂತಸ್ತು. ಆಮೇಲೆ ನೆಲ. ಆಟದಲ್ಲಿ ಕಾಡು ಮಾಡುವವರು ಜಾಸ್ತಿ ಎಡವುವುದು ನೆಲದ ಹತ್ತಿರವೇ. ದಟ್ಟ ಕಾಡು ಅಂದ ತಕ್ಷಣ ಕೆಳಗೆಲ್ಲಾ ಪೊದೆ ತುಂಬಿಬಿಡುತ್ತಾರೆ. ನಿಜವಾದ ಕಾನಿನ ಒಳಗೆ ನೆಲಕ್ಕೆ ಬೆಳಕೇ ಬೀಳುವುದಿಲ್ಲ, ಹಾಗಾಗಿ ಕೆಳಗೆ ಗಿಡ ಕಡಿಮೆ, ದರಗು ಜಾಸ್ತಿ, ಅಲ್ಲೊಂದು ಇಲ್ಲೊಂದು ಸಸಿ, ಬೆತ್ತದ ಬಳ್ಳಿ. ಪೊದೆ ಕಟ್ಟುವುದು ಬೆಳಕು ಬೀಳುವ ಕಡೆ. ಕಾನಿನ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ, ದೊಡ್ಡ ಮರ ಉರುಳಿ ಮೇಲೆ ತೂತಾದ ಕಡೆ.

ಆ ಮರ ಉರುಳಿದ ಜಾಗವೇ ನನ್ನ ಝೂನ ನಡುಮನೆ. ಹುಲಿ ಇರುವ ಗುಡ್ಡದ ನಡುವೆ ಒಂದು ಭಾರಿ ಮರವನ್ನು ಅಡ್ಡ ಮಲಗಿಸಿದೆ, ಅದರ ಸುತ್ತಲಿನ ಏಳೆಂಟು ಮರ ತೆಗೆದೆ. ಹುಲಿಗೆ ಬೇಕಾದ ಉದ್ದ ಹುಲ್ಲನ್ನೆಲ್ಲಾ ಅಲ್ಲೇ ಬಳಿದೆ, ಹುಲ್ಲಿನ ಅಂಚಿಗೆ ಕಾಡುಬಾಳೆಯಂಥ ದೊಡ್ಡೆಲೆಯ ಗಿಡ, ಅದರ ಹಿಂದೆ ಜರಿಗಿಡ, ಅದರ ಹಿಂದೆ ಕತ್ತಲೆ. ಮಧ್ಯಾಹ್ನಕ್ಕೆ ಗಡಿಯಾರ ತಿರುಗಿಸಿದರೆ ಬಿಸಿಲು ಒಂದು ಕಂಬದ ಹಾಗೆ ಸೀದಾ ಆ ಮರದ ಮೇಲೆ ಬೀಳುತ್ತದೆ. ಮೊದಲ ಸಲ ಹಾಗೆ ಬಿದ್ದಾಗ ನಾನು ಮೌಸ್ ಬಿಟ್ಟು ಸುಮ್ನೆ ನೋಡುತ್ತಾ ಕೂತಿದ್ದೆ.

ಹಳ್ಳ ಸುಲಭಕ್ಕೆ ಬಗ್ಗಲಿಲ್ಲ. ಈ ಆಟದಲ್ಲಿ ನೀರು ಇಳಿಜಾರಿನಲ್ಲಿ ಹರಿಯುವುದಿಲ್ಲ, ತಗ್ಗಿದ್ದ ಕಡೆ ಮಟ್ಟಸವಾಗಿ ತುಂಬಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ಗುಡ್ಡಕ್ಕೆ ಮೆಟ್ಟಿಲು ಕಡಿದ ಹಾಗೆ ಏಳು ಗುಂಡಿ ತೋಡಿ, ಒಂದೊಂದರಲ್ಲೂ ನೀರು ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಇಳಿಯುವ ಕಡೆ ಬಂಡೆ ಜೋಡಿಸಿ ನೀರು ಬೀಳುವ ಎಫೆಕ್ಟ್ ಇಟ್ಟೆ. ಐದು ರಾತ್ರಿ ಬೇಕಾಯಿತು. ಬಂಡೆ ಇಡುವುದಕ್ಕೂ ಒಂದು ಲೆಕ್ಕ ಇದೆ. ಒಂದೇ ಗಾತ್ರದ ಕಲ್ಲು ಸಾಲಾಗಿ ಇಟ್ಟರೆ ಪಾರ್ಕಿನ ಕಾರಂಜಿ ಆಗುತ್ತದೆ. ನಮ್ಮ ಹಳ್ಳ ನೆನಪು ಮಾಡಿಕೊಂಡೆ. ಒಂದು ದೊಡ್ಡ ಬಂಡೆ, ಅದಕ್ಕೆ ಆನಿಸಿಕೊಂಡ ಮೂರ್ನಾಲ್ಕು ಮಧ್ಯಮದವು, ನೀರು ತಿರುಗುವ ಕಡೆ ಸಣ್ಣ ಕಲ್ಲಿನ ರಾಶಿ, ಮಳೆಗಾಲದಲ್ಲಿ ತೇಲಿಬಂದು ಸಿಕ್ಕಿಹಾಕಿಕೊಂಡ ಒಂದು ಮರದ ತುಂಡು. ಕೊನೆಯ ಗುಂಡಿಯನ್ನು ಆಳ ಮಾಡಿದೆ, ಹುಲಿ ಈಜಲಿ ಅಂತ. ಹುಲಿಗೆ ನೀರು ಇಷ್ಟ.

ಬೇಲಿಯ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ತೋಟದ ಸುತ್ತ ಅಗಳ ತೋಡುತ್ತಾರೆ, ದನ ನುಗ್ಗದ ಹಾಗೆ. ದೂರದಿಂದ ನೋಡಿದರೆ ಅಡ್ಡ ಏನೂ ಇಲ್ಲ ಅನಿಸುತ್ತದೆ, ಹತ್ತಿರ ಹೋದಾಗಲೇ ಅಗಳ ಕಾಣುವುದು. ಝೂಗಳೂ ಇದನ್ನೇ ಮಾಡಿವೆ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಕಾರ್ಲ್ ಹ್ಯಾಗನ್‌ಬೆಕ್ ಕಬ್ಬಿಣದ ಸರಳು ತೆಗೆದು ಕಂದಕ ಇಟ್ಟು ಪ್ರಾಣಿಗಳನ್ನು ತೋರಿಸೋಕೆ ಶುರು ಮಾಡಿದ. 1892ರಲ್ಲಿ ಶುರುವಾದ ನಮ್ಮ ಮೈಸೂರು ಝೂನಲ್ಲೂ ಹುಲಿಯನ್ನು ನಾವು ನೋಡುವುದು ಕಂದಕದ ಈಚೆ ನಿಂತು. ಆಟದಲ್ಲಿ ನಾನು ಹುಲಿಯ ಕಡೆಯಿಂದ ನಿಧಾನ ಇಳಿಜಾರು ಕೊಟ್ಟು, ಜನರ ಕಡೆ ನೆಟ್ಟಗೆ ದರೆ ಕಡಿದು, ಬೇಲಿಯನ್ನು ಆ ತಗ್ಗಿನ ತಳದಲ್ಲಿ ಇಟ್ಟೆ. ದಾರಿಯಲ್ಲಿ ನಿಂತರೆ ಬೇಲಿ ಕಾಣುವುದೇ ಇಲ್ಲ, ಕಾಲ ಬುಡದ ಜರಿಗಿಡ ಆ ಕಡೆಯ ಜರಿಗಿಡಕ್ಕೆ ಸೇರಿಕೊಂಡ ಹಾಗಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಝೂನಲ್ಲಿ ಗೊರಿಲ್ಲಾಗಳಿಗೆ ಜಾಗ ಕಟ್ಟಿದಾಗ ಹೀಗೇ ಯೋಚಿಸಿದ್ದರು, ನೋಡುವವರೂ ಪ್ರಾಣಿಯೂ ಒಂದೇ ಕಾಡಿನಲ್ಲಿ ಇದ್ದಂತಿರಬೇಕು ಅಂತ.

ಇಷ್ಟೆಲ್ಲಾ ಮಾಡಿ ಗೇಟು ತೆರೆದರೆ ಆಟದೊಳಗೆ ಝೂ ನೋಡೋಕೆ ಬರುವ ಜನಕ್ಕೆ ಪ್ರಾಣಿ ಕಾಣದೇ ಕಾಣಿಕೆ ಡಬ್ಬಿ ಖಾಲಿ ಉಳಿಯಿತು. ಮರ ಕಡಿಯೋಣ ಅಂತ ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಝೂನಲ್ಲಿ 2003ರಲ್ಲಿ ತೆರೆದ ಮಸೊಆಲಾ ಹಾಲ್ ನೆನಪಾಯಿತು. ಹನ್ನೊಂದು ಸಾವಿರ ಚದರ ಮೀಟರಿನ, ಬೆಳಕು ಹಾಯುವ ಮಾಡಿನ ಮನೆ, ಒಳಗೆ ಮಡಗಾಸ್ಕರಿನ ಮಳೆಕಾಡು. ಅಲ್ಲಿ ಕೋತಿಯಂಥ ಲೀಮರ್‌ಗಳಿಗೆ ಪಂಜರ ಇಲ್ಲ. ಹೋದವರು ಹುಡುಕಬೇಕು, ತಾಳ್ಮೆಯಿಂದ ನಿಲ್ಲಬೇಕು, ಕಾಣದೆಯೂ ಹೋಗಬಹುದು. ನಾನು ಮರ ಕಡಿಯಲಿಲ್ಲ. ದಾರಿಯನ್ನು ಇನ್ನೂ ಬಳಸಿ ತಿರುಗಿಸಿ, ಐದು ಕಡೆ ಸಣ್ಣ ಕಿಂಡಿ ಬಿಟ್ಟೆ. ಒಂದರಿಂದ ಉರುಳಿದ ಮರ, ಒಂದರಿಂದ ಈಜುವ ಗುಂಡಿ, ಒಂದರಿಂದ ಬಂಡೆ ಕೆಳಗೆ ಹುಲಿ ಮಲಗುವ ಪೊಟರೆ. ಯಾವ ಕಿಂಡಿಯಿಂದಲೂ ಪೂರ್ತಿ ಗುಡ್ಡ ಕಾಣುವುದಿಲ್ಲ. ಹುಲಿ ಎಲ್ಲೇ ಇದ್ದರೂ ಐದರಲ್ಲಿ ಒಂದು ಕಡೆ ಸಿಕ್ಕೇ ಸಿಗುತ್ತದೆ. ಡಬ್ಬಿ ತುಂಬತೊಡಗಿತು.

ಗಿಬ್ಬನ್ ಮಾತ್ರ ಒಂದು ಸಲ ತಪ್ಪಿಸಿಕೊಂಡಿತು. ಹತ್ತುವ ಪ್ರಾಣಿಗೆ ಬೇಲಿ ಎತ್ತರ ಇದ್ದರೆ ಸಾಲದು, ಬೇಲಿ ಹತ್ತಿರ ಕಾಲಿಡೋಕೆ ಏನೂ ಇರಬಾರದು. ಚೆಂದ ಕಾಣಲಿ ಅಂತ ಅಂಚಿನಲ್ಲಿ ಒಂದು ಬಂಡೆ ಇಟ್ಟಿದ್ದೆ, ಅದರ ಮೇಲಿಂದ ಆಚೆ ಹೋಗಿದೆ. ಜನ ಓಡಿದರು, ನಾನು ಆಟ ನಿಲ್ಲಿಸಿ, ಅದನ್ನು ಪೆಟ್ಟಿಗೆಗೆ ಹಾಕಿಸಿ ವಾಪಸ್ ತಂದೆ. ಬಂಡೆಯನ್ನು ಒಳಕ್ಕೆ ಸರಿಸಿದೆ. ಈಗ ಪ್ರಾಣಿ ಎಲ್ಲೆಲ್ಲಿ ಓಡಾಡಬಹುದು ಅಂತ ಬಣ್ಣ ಹಾಕಿ ತೋರಿಸುವ ನಕ್ಷೆ ನೋಡದೆ ಯಾವ ಗೇಟನ್ನೂ ತೆರೆಯುವುದಿಲ್ಲ.

ಕಟ್ಟಡಗಳು ಕಡಿಮೆ. ಹೆಂಚಿನಂತೆ ಕಾಣುವ ಇಳಿಜಾರು ಮಾಡು, ಮಣ್ಣಿನ ಬಣ್ಣದ ಗೋಡೆ, ಒಂದು ಉದ್ದ ಜಗುಲಿ. ಅಷ್ಟೇ.

ಮೊನ್ನೆ ಭಾನುವಾರ ಅಕ್ಕನ ಮಗಳು ಬಂದಿದ್ದಳು, ಹತ್ತು ವರ್ಷ. ಪಕ್ಕದಲ್ಲಿ ಕೂರಿಸಿಕೊಂಡು ಮೌಸ್ ಅವಳ ಕೈಗೇ ಕೊಟ್ಟೆ. ಮಳೆ ಬರುವ ಹಾಗೆ ಮಾಡಿದ್ದೆ.

"ಚಿಕ್ಕೀ, ಹುಲಿ ಎಲ್ಲಿ?"

"ಹುಡುಕು."

ಮೊದಲ ಕಿಂಡಿಯಲ್ಲಿ ಇರಲಿಲ್ಲ. ಎರಡನೆಯದರಲ್ಲಿ ನವಿಲು ಸಿಕ್ಕಿತು, ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ನಾಲ್ಕನೆಯದರ ಹತ್ತಿರ ಬಂದಾಗ ಅವಳ ಕೈ ತಾನಾಗಿಯೇ ನಿಧಾನ ಆಯಿತು, ಮಾತು ಪಿಸುಮಾತಾಯಿತು. ಬಾಳೆ ಎಲೆಗಳ ಸಂದಿಯಲ್ಲಿ ಒಂದು ಬಾಲ, ತುದಿ ಮಾತ್ರ ಅಲ್ಲಾಡುತ್ತಿತ್ತು. "ಚಿಕ್ಕೀ, ಅಲ್ಲಿ, ಅಲ್ಲಿ, ಜೋರಾಗಿ ಮಾತಾಡಬೇಡ" ಅಂದಳು.

ಸೀಳುನಾಯಿಗಳ ಗುಡ್ಡ ಇನ್ನೂ ಬೋಳಾಗಿದೆ. ಈ ಶನಿವಾರ ಅಲ್ಲಿ ಮರ ಹಾಕಬೇಕು, ಅವಳೂ ಬರುತ್ತೇನೆ ಅಂದಿದ್ದಾಳೆ.