ಚಿಮಣಿಯ ಕೆಳಗೆ ಇಪ್ಪತ್ತು ನಿಮಿಷ

2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಥೆಡ್ರಲ್ ಪೀಕ್ ಶಿಖರವನ್ನು ಹಗ್ಗವಿಲ್ಲದೆ ಒಬ್ಬಳೇ ಹತ್ತಿದೆ. ಸ್ನೇಹಿತರ ಮುಂದೆ ಈ ಕಥೆ ಹೇಳುವಾಗಲೆಲ್ಲ ನಡುವಿನ ಇಪ್ಪತ್ತು ನಿಮಿಷಗಳನ್ನು ನುಂಗಿಕೊಂಡೇ ಹೇಳಿದ್ದೇನೆ.

ಜೊತೆಗೆ ಬರಬೇಕಿದ್ದ ಗೆಳತಿ ಹಿಂದಿನ ರಾತ್ರಿ ಜ್ವರವೆಂದು ಮಲಗಿಬಿಟ್ಟಳು. ಆ ಶಿಖರವಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದವರೆಗೆ ಕಾರು ಓಡಿಸಿಕೊಂಡು ಬಂದವಳಿಗೆ ಹಾಗೆಯೇ ಹಿಂದಿರುಗಲು ಮನಸ್ಸಾಗಲಿಲ್ಲ. ಆಗ್ನೇಯ ಮುಖದ ದಾರಿಯ ದರ್ಜೆ 5.6, ಬಂಡೆ ಹತ್ತುವವರ ಅಮೆರಿಕದ ಅಳತೆಯಲ್ಲಿ ಸುಲಭದ ಕಡೆಗಿನದು. ರಾಮನಗರದ ಬಂಡೆಗಳ ಮೇಲೆ ಭಾನುವಾರಗಳನ್ನು ಕಳೆದವಳಿಗೆ ಅದೇನೂ ದೊಡ್ಡದಲ್ಲ. 1869ರ ಸೆಪ್ಟೆಂಬರಿನಲ್ಲಿ ನಿಸರ್ಗಪ್ರೇಮಿ ಲೇಖಕ ಜಾನ್ ಮ್ಯೂರ್ ಇದರ ತುದಿ ಮುಟ್ಟಿದ್ದೂ ಒಬ್ಬರೇ. ಸರಿಯಾಗಿ 150 ವರ್ಷ ತುಂಬಿತಲ್ಲ ಎಂಬ ನೆಪವೂ ಸಿಕ್ಕಿತು. ಅಮ್ಮನಿಗೆ ಫೋನ್ ಮಾಡಿ, ಕೆರೆ ನೋಡಲು ಹೋಗುತ್ತೇನೆ ಎಂದೆ. ಪೂರ್ತಿ ಸುಳ್ಳಲ್ಲ, ದಾರಿಯಲ್ಲಿ ಬಡ್ ಲೇಕ್ ಇದೆ.

ಆ ಕಲ್ಲಿನ ಬಗ್ಗೆ ಹೇಳಲೇಬೇಕು. ಮೈತುಂಬ ಹೆಬ್ಬೆರಳಿನ ಗಾತ್ರದ, ಕೆಲವು ಕಡೆ ಅದಕ್ಕೂ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು. ಸುತ್ತಲಿನ ಕಲ್ಲು ಸವೆದು ಹೋದರೂ ಅವು ಬಾಗಿಲಿನ ಗುಂಡು ಹಿಡಿಗಳಂತೆ ಹೊರಚಾಚಿಕೊಂಡಿವೆ. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿಯೂ ಇಂಥವೇ ಗುಲಾಬಿ ಹರಳುಗಳಿವೆ. ನಮ್ಮ ಕಲ್ಲಿಗೆ ಸುಮಾರು 250 ಕೋಟಿ ವರ್ಷ, ಇದಕ್ಕೆ ಒಂಬತ್ತು ಕೋಟಿಯ ಆಸುಪಾಸು. ಪರದೇಶದಲ್ಲಿ ನೆಂಟರ ಮಗು ಸಿಕ್ಕಂತಾಯಿತು. ಮೊದಲ ಇನ್ನೂರು ಅಡಿ ಹತ್ತಿದ್ದೇ ಗೊತ್ತಾಗಲಿಲ್ಲ.

ನಡುಭಾಗದಲ್ಲಿ ಒಂದು ಇಕ್ಕಟ್ಟಾದ ಚಿಮಣಿಯಿದೆ, ಅಂದರೆ ಮೈ ತೂರಿಸಿಕೊಂಡು ಹತ್ತಬೇಕಾದ ಬಂಡೆಯ ಸೀಳು. ಅದರೊಳಗೆ ನನಗಿಂತ ಮುಂದೆ ಹೊರಟಿದ್ದವನು ಬೆನ್ನಿನ ಚೀಲದ ಸಮೇತ ಸಿಕ್ಕಿಕೊಂಡಿದ್ದ. ನಾನು ಕೆಳಗೆ ಎರಡು ಹರಳುಗಳ ಮೇಲೆ ಕಾಲ್ಬೆರಳೂರಿ ನಿಂತೆ. ಚಲಿಸುತ್ತಿರುವಾಗ ಹತ್ತಿರ ಸುಳಿಯದ ಭಯ ನಿಂತ ಕೂಡಲೇ ಬಂತು. ಬೆರಳಿಗೆ ಹಚ್ಚಿಕೊಂಡ ಚಾಕ್ ಪುಡಿ ಬೆವರಿಗೆ ಮುದ್ದೆಯಾಯಿತು. ಎಡಗಾಲಿನ ಮೀನಖಂಡ ತಾನಾಗಿ ಕುಣಿಯತೊಡಗಿತು. ಹಿಮ್ಮಡಿ ಇಳಿಸಿದರೆ ನಿಲ್ಲುತ್ತದೆ, ಆದರೆ ಇಳಿಸಲು ಜಾಗವಿರಲಿಲ್ಲ.

ಮೇಲೆ ಅವನಿಗೆ ಹಗ್ಗ ಹಿಡಿದು ಕುಳಿತಿದ್ದ ಬಿಳಿಗೂದಲಿನ ಹೆಂಗಸು ಬಗ್ಗಿ ನೋಡಿ, ಹಗ್ಗದ ಇನ್ನೊಂದು ತುದಿ ಬಿಡಲೇ, ಸೊಂಟಕ್ಕೆ ಕಟ್ಟಿಕೊಳ್ಳುತ್ತೀಯಾ ಎಂದು ಕೇಳಿದರು. ಬೇಡ, ಆರಾಮವಾಗಿದ್ದೇನೆ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ಮತ್ತೆ ಬೇಡ ಎಂದೆ, ಈ ಸಲ ನಕ್ಕು. ಆ ನಗುವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹಗ್ಗ ಕಟ್ಟಿಕೊಂಡರೆ ಒಬ್ಬಳೇ ಹತ್ತಿದೆ ಎಂದು ಹೇಳಿಕೊಳ್ಳಲಾಗುವುದಿಲ್ಲ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಅವನು ಕೊನೆಗೂ ಚೀಲ ಕಳಚಿ ಕಾಲಿಗೆ ನೇತುಹಾಕಿಕೊಂಡು ಮೇಲೆ ಹೋದ. ಉಳಿದದ್ದು ಬೇಗ ಮುಗಿಯಿತು. ಮೇಜಿನಷ್ಟಗಲದ ತುದಿಯಲ್ಲಿ ಅವರಿಬ್ಬರ ಜೊತೆಗೇ ಒತ್ತಿಕೊಂಡು ಕುಳಿತೆ. ಆ ಹೆಂಗಸು ಕಿತ್ತಳೆ ಹಣ್ಣಿನ ಅರ್ಧ ಕೊಟ್ಟರು. ಹಗ್ಗದ ಮಾತು ಎತ್ತಲಿಲ್ಲ. ನನ್ನ ಎಡಗಾಲನ್ನು ಒಮ್ಮೆ ನೋಡಿದರು, ಅಷ್ಟೇ.

ಮೂರು ವರ್ಷದ ನಂತರ ಅದೇ ಗೆಳತಿಯೊಡನೆ, ಹಗ್ಗ ಕಟ್ಟಿಕೊಂಡು ಮತ್ತೆ ಹೋದೆ. ನಾನು ನಿಂತಿದ್ದ ಜಾಗವನ್ನು ಅವಳಿಗೆ ತೋರಿಸುತ್ತಿದ್ದೆ. ಅವಳು ಪಕ್ಕದ ಉಬ್ಬನ್ನು ದಾಟಿ ಇಣುಕಿದಳು. ಮೂರೇ ಅಡಿ ಎಡಕ್ಕೆ, ಇಬ್ಬರು ಕುಳಿತು ಬುತ್ತಿ ಬಿಚ್ಚಬಹುದಾದಷ್ಟು ಅಗಲದ ಜಗಲಿಯಿತ್ತು.