ನಾಪಾ, ಯೊಸೆಮಿಟಿ ಎರಡೂ ಒಂದೇ ವೀಕೆಂಡಿನಲ್ಲಿ ಆಗುತ್ತಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಇರುವ ನಮ್ಮಂಥವರ ಮನೆಗೆ ಊರಿಂದ ನೆಂಟರು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರೂ ಕೇಳುತ್ತಾರೆ. "ನಾಪಾದಲ್ಲಿ ವೈನರಿ ನೋಡಬೇಕು, ಯೊಸೆಮಿಟಿಯಲ್ಲಿ ಹೈಕಿಂಗ್ ಮಾಡಬೇಕು. ಶನಿವಾರ, ಭಾನುವಾರ ಸಾಕಾಗುತ್ತಾ?"

ಸಾಕಾಗಲ್ಲ. ನಾಪಾದಿಂದ ಯೊಸೆಮಿಟಿ ಕಣಿವೆಗೆ ಸುಮಾರು ನಾಲ್ಕು ಗಂಟೆಯ ದಾರಿ. ಮನೆಯಿಂದ ನಾಪಾಕ್ಕೆ, ಅಲ್ಲಿಂದ ಯೊಸೆಮಿಟಿಗೆ, ಮತ್ತೆ ಮನೆಗೆ ಅಂತ ಲೆಕ್ಕ ಹಾಕಿದರೆ ವೀಕೆಂಡ್ ಪೂರ್ತಿ ಕಾರಿನಲ್ಲೇ ಕಳೆಯುತ್ತದೆ. ಬೆಟ್ಟವೂ ದ್ರಾಕ್ಷಿತೋಟವೂ ಪಕ್ಕಪಕ್ಕದಲ್ಲೇ ಇರುವ ಜಾಗಕ್ಕೆ ಹೋಗಿ ಅನ್ನುವುದು ನನ್ನ ಉತ್ತರ. ಅದು ಪಿನಕಲ್ಸ್ ನ್ಯಾಷನಲ್ ಪಾರ್ಕ್. ಅದರ ಪಶ್ಚಿಮಕ್ಕೆ, ಸಲೀನಾಸ್ ಕಣಿವೆಯಲ್ಲಿ ಸೋಲೆಡಾಡ್ ಅನ್ನೋ ಊರು.

ಸ್ಯಾನ್ ಹೋಸೆಯಿಂದ 101ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಒಂದೂವರೆ ಗಂಟೆಯಲ್ಲಿ ಸೋಲೆಡಾಡ್. ದಾರಿಯಲ್ಲಿ ಗಿಲ್ರಾಯ್ ಸಿಗುತ್ತದೆ, ಬೆಳ್ಳುಳ್ಳಿಗೆ ಹೆಸರಾದ ಊರು. ಆಮೇಲೆ ಸಲೀನಾಸ್ ಕಣಿವೆ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಲೆಟಿಸ್, ಬ್ರಾಕಲಿ ಹೊಲಗಳು. ಎಡಕ್ಕೆ ಗ್ಯಾಬಿಲಾನ್ ಬೆಟ್ಟಸಾಲು, ಬಲಕ್ಕೆ ಸಾಂಟಾ ಲೂಸಿಯಾ. ಎಡಗಡೆಯದು ನಡೆಯೋಕೆ, ಬಲಗಡೆಯದು ವೈನಿಗೆ ಅಂತ ಇಟ್ಟುಕೊಳ್ಳಿ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಪಾರ್ಕಿಗೆ ಪೂರ್ವದಲ್ಲಿ ಒಂದು ಬಾಗಿಲು, ಪಶ್ಚಿಮದಲ್ಲಿ ಇನ್ನೊಂದು. ಇವೆರಡನ್ನೂ ಸೇರಿಸುವ ರಸ್ತೆ ಪಾರ್ಕಿನೊಳಗೆ ಇಲ್ಲ. ಸುತ್ತು ಹಾಕಿ ಹೋಗೋಕೆ ಗಂಟೆಗಿಂತ ಜಾಸ್ತಿ ಬೇಕು. ಕ್ಯಾಂಪ್‌ಗ್ರೌಂಡ್ ಪೂರ್ವದ ಕಡೆ ಇದೆ. ವೈನರಿಯನ್ನೂ ಸೇರಿಸಿಕೊಳ್ಳುವವರು ಸೋಲೆಡಾಡ್ ಮೂಲಕ ಪಶ್ಚಿಮದ ಬಾಗಿಲಿಗೇ ಹೋಗಬೇಕು. ಅಲ್ಲಿನ ಗೇಟು ಬೆಳಗ್ಗೆ 7:30ಕ್ಕೆ ತೆರೆಯುತ್ತದೆ.

ಪಿನಕಲ್ಸ್ ಬೆಟ್ಟದ ಕಥೆ ನನಗೆ ಎಷ್ಟು ಹೇಳಿದರೂ ಸಾಲದು. ಸುಮಾರು 2.3 ಕೋಟಿ ವರ್ಷದ ಹಿಂದೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಈಗಿನ ಲ್ಯಾಂಕಸ್ಟರ್ ಊರಿನ ಹತ್ತಿರ, ಜ್ವಾಲಾಮುಖಿಗಳು ಬೆಂಕಿ ಕಾರಿದವು. ಆಮೇಲೆ ಸ್ಯಾನ್ ಆಂಡ್ರಿಯಾಸ್ ಅನ್ನುವ ಭೂಮಿಯ ಬಿರುಕು ಆ ನೆಲವನ್ನೇ ಸೀಳಿತು. ಒಂದು ಭಾಗ ಅಲ್ಲೇ ಉಳಿಯಿತು. ಇನ್ನೊಂದು ಭಾಗ ವರ್ಷಕ್ಕೆ ಬೆರಳಗಲದಷ್ಟು ಸರಿಯುತ್ತಾ ಸುಮಾರು 300 ಕಿಲೋಮೀಟರ್ ಉತ್ತರಕ್ಕೆ ಬಂದಿದೆ. ನಾವು ಹತ್ತೋದು ಆ ಭಾಗವನ್ನು. ಅದರ ಕೆಳಗಿರುವ ಗ್ರಾನೈಟ್ ನೆಲವೂ ಜೊತೆಗೇ ಬಂತು. ಪಾರ್ಕಿಗೆ ಹೋಗುವ 146ನೇ ನಂಬರ್ ರಸ್ತೆಯ ಹತ್ತಿರವೇ ಇರುವ ಶಲೋನ್ ದ್ರಾಕ್ಷಿತೋಟದಲ್ಲಿ ಪುಡಿಯಾದ ಗ್ರಾನೈಟ್ ಮತ್ತು ಸುಣ್ಣದ ಕಲ್ಲು ಬೆರೆತ ಮಣ್ಣಿದೆ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮರೆಮಾಡಿ ವೈನ್ ರುಚಿ ನೋಡಿದ ಆ ದೊಡ್ಡ ಸ್ಪರ್ಧೆ ನಡೆಯಿತಲ್ಲ, ಅಲ್ಲಿ ಬಿಳಿ ವೈನುಗಳ ಪೈಕಿ ನಾಪಾದ ಷಾಟೋ ಮಾಂಟೆಲೀನಾ ವೈನರಿಗೆ ಮೊದಲ ಸ್ಥಾನ ಸಿಕ್ಕಿತು. ಅದನ್ನು ಎಲ್ಲರೂ ಹೇಳುತ್ತಾರೆ. ಮೂರನೆಯದು ಈ ಬೆಟ್ಟದ ಶಲೋನ್ ತೋಟದ ಶಾರ್ಡೊನೆ. ಅದನ್ನು ಯಾರೂ ಹೇಳಲ್ಲ, ನನಗೆ ಅದೇ ಬೇಜಾರು.

ನಡೆಯೋಕೆ ಜೂನಿಪರ್ ಕ್ಯಾನಿಯನ್ ಸುತ್ತು ಹಿಡಿಯಿರಿ. ಒಟ್ಟು ಸುಮಾರು 7 ಕಿಲೋಮೀಟರ್, 370 ಮೀಟರ್ ಏರು. ಮೇಲೆ ಹೈ ಪೀಕ್ಸ್ ಹತ್ತಿರ ದಾರಿ ಬಂಡೆಯ ಮೇಲೇ ಸಾಗುತ್ತದೆ. 1930ರ ದಶಕದಲ್ಲಿ ಸರ್ಕಾರಿ ಯೋಜನೆಯಲ್ಲಿ ಕೆಲಸಕ್ಕೆ ಬಂದ ಯುವಕರು ಬಂಡೆಯಲ್ಲೇ ಮೆಟ್ಟಿಲು ಕಡಿದಿದ್ದಾರೆ. ಕೆಲವು ಕಡೆ ಅರ್ಧ ಪಾದ ಇಡುವಷ್ಟೇ ಜಾಗ. ಪಕ್ಕದಲ್ಲಿ ಕಬ್ಬಿಣದ ಕಂಬಿ ಇದೆ. ತಲೆ ಬಗ್ಗಿಸಿ, ಬಂಡೆಗೆ ಮೈ ತಾಗಿಸಿಕೊಂಡೇ ದಾಟಬೇಕು. ಎತ್ತರ ಅಂದರೆ ಭಯಪಡುವವರನ್ನು ಬಲವಂತ ಮಾಡಬೇಡಿ. ಅವರಿಗೆ ಬಾಲ್ಕನೀಸ್ ಗುಹೆಯ ಸಣ್ಣ ಸುತ್ತು ಇದೆ, ಹೆಚ್ಚುಕಡಿಮೆ ಸಮತಟ್ಟು. ಗುಹೆಯೊಳಗೆ ಕಗ್ಗತ್ತಲು. ಪ್ರತಿಯೊಬ್ಬರ ಕೈಯಲ್ಲೂ ಒಂದು ಟಾರ್ಚ್ ಇರಲಿ.

ಮೇಲೆ ಹೋದಾಗ ಆಕಾಶ ನೋಡೋದು ಮರೆಯಬೇಡಿ. ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದು 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು ಬರೀ 22. ಸಾಕಿ ಬೆಳೆಸಿದ ಹಕ್ಕಿಗಳನ್ನು 2003ರಿಂದ ಇಲ್ಲಿ ಬಿಡುತ್ತಿದ್ದಾರೆ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ ಅಗಲ. ಅಲ್ಲಿ ಟರ್ಕಿ ವಲ್ಚರ್ ಅನ್ನುವ ಮಾಮೂಲಿ ರಣಹದ್ದುಗಳೂ ಬೇಕಾದಷ್ಟಿವೆ, ಮೊದಲ ಸಲ ಹೋದವರು ಅದನ್ನೇ ಕಾಂಡರ್ ಅಂದುಕೊಳ್ಳುತ್ತಾರೆ. ಟರ್ಕಿ ವಲ್ಚರ್ ರೆಕ್ಕೆ ಮೇಲಕ್ಕೆತ್ತಿಕೊಂಡು ಅತ್ತಿತ್ತ ಓಲಾಡುತ್ತಾ ಹಾರುತ್ತದೆ. ಕಾಂಡರ್ ಹಲಗೆಯ ಹಾಗೆ ನೆಟ್ಟಗೆ, ಅಲುಗಾಡದೆ ತೇಲುತ್ತದೆ. ಹತ್ತಿರ ಬಂದರೆ ರೆಕ್ಕೆಯ ಮೇಲಿನ ನಂಬರ್ ಪಟ್ಟಿಯೂ ಕಾಣುತ್ತದೆ. ಆ ಹಕ್ಕಿಗಳಿಗೆ ಈಗಲೂ ದೊಡ್ಡ ಅಪಾಯ ಗುಂಡಿನ ಸೀಸ. ಬೇಟೆಗಾರರು ಬಿಟ್ಟುಹೋದ ಪ್ರಾಣಿಯ ಮಾಂಸದ ಜೊತೆ ಸೀಸವೂ ಅವುಗಳ ಹೊಟ್ಟೆ ಸೇರುತ್ತದೆ.

ಮಧ್ಯಾಹ್ನ ಕೆಳಗಿಳಿದು, ಸೋಲೆಡಾಡಿನಲ್ಲಿ ಬೀನ್ ಬರಿಟೊ ತಿಂದು, ರಿವರ್ ರೋಡ್ ಕಡೆಗೆ ಹೋಗಿ. ಸಾಂಟಾ ಲೂಸಿಯಾ ಹೈಲ್ಯಾಂಡ್ಸ್ ತೋಟಗಳು ಅಲ್ಲಿವೆ. ಮಧ್ಯಾಹ್ನ ಆಗುತ್ತಿದ್ದಂತೆ ಮಾಂಟೆರೇ ಕೊಲ್ಲಿಯಿಂದ ತಣ್ಣನೆ ಗಾಳಿ ಜೋರಾಗಿ ನುಗ್ಗುತ್ತದೆ, ಟೋಪಿ ಹಾರಿಹೋಗುವಷ್ಟು. ಆ ಗಾಳಿಯಿಂದಲೇ ದ್ರಾಕ್ಷಿ ನಿಧಾನಕ್ಕೆ ಹಣ್ಣಾಗುತ್ತದೆ, ಸಿಪ್ಪೆ ದಪ್ಪಗಾಗುತ್ತದೆ, ಹುಳಿ ಉಳಿಯುತ್ತದೆ. ಇಲ್ಲಿನ ಪೀನೊ ನ್ವಾರ್ ಅನ್ನೋ ಕೆಂಪು ವೈನ್ ಬಾಯಿಗಿಟ್ಟರೆ ಮೊದಲು ಚೆರಿ ಹಣ್ಣಿನ ಸಿಹಿ, ಆಮೇಲೆ ಆ ಹುಳಿ. ಲೋಟ ಕೈಯಲ್ಲಿ ಹಿಡಿದು ಕಣಿವೆಯಾಚೆ ನೋಡಿದರೆ ಬೆಳಗ್ಗೆ ಹತ್ತಿದ ಬೆಟ್ಟಸಾಲು ಎದುರಿಗೇ ಇರುತ್ತದೆ. ನಾಪಾದಲ್ಲಿ ಇದು ಸಿಗಲ್ಲ.

"ಮೊದಲು ವೈನ್, ಆಮೇಲೆ ಬೆಟ್ಟ ಆಗಲ್ವಾ?" ಅಂತಲೂ ಕೇಳುತ್ತಾರೆ. ದಯವಿಟ್ಟು ಬೇಡ. ವೈನ್ ಮೈಯ ನೀರು ತೆಗೆಯುತ್ತದೆ, ಆ ಮೆಟ್ಟಿಲುಗಳ ಮೇಲೆ ಕಾಲು ತಪ್ಪಿದರೆ ಕಷ್ಟ. ಕಾರು ಓಡಿಸುವವರು ಯಾರು ಅಂತ ಮನೆಯಲ್ಲೇ ನಿರ್ಧಾರವಾಗಲಿ, ಅವರು ಕುಡಿಯೋದೇ ಬೇಡ. ರುಚಿ ನೋಡಲೇಬೇಕು ಅಂದರೆ ಉಗುಳೋಕೆ ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ತೆರೆದ ಬಾಟಲಿಯನ್ನು ಡಿಕ್ಕಿಯಲ್ಲೇ ಇಡಬೇಕು, ಸೀಟಿನ ಹತ್ತಿರ ಇಟ್ಟರೆ ಕಾನೂನಿಗೆ ವಿರುದ್ಧ. ಕುಡಿಯದ ಅಪ್ಪ ಅಮ್ಮನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ವ್ಯವಸಾಯ ಗೊತ್ತಿರುವ ಹಿರಿಯರು ಹನಿ ನೀರಾವರಿ, ಕುಡಿ ಚಿವುಟುವ ಕ್ರಮ ಅಂತ ನಮಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ.

ಯಾವಾಗ ಹೋಗೋದು ಅಂದರೆ, ಮಾರ್ಚ್-ಏಪ್ರಿಲ್‌ನಲ್ಲಿ ಬೆಟ್ಟದ ತುಂಬ ಕಾಡುಹೂವು. ಅಕ್ಟೋಬರ್ ಕೊನೆಗೆ ಬಿಸಿಲು ಇಳಿದಿರುತ್ತದೆ, ದ್ರಾಕ್ಷಿ ಎಲೆ ಹಳದಿಗೆ ತಿರುಗಿರುತ್ತದೆ. ಜುಲೈ-ಆಗಸ್ಟ್ ಬೇಡವೇ ಬೇಡ, ಪಾರ್ಕಿನಲ್ಲಿ 38 ಡಿಗ್ರಿ ದಾಟುತ್ತದೆ. ತಲೆಗೆ ಮೂರು ಲೀಟರ್ ನೀರು ಮನೆಯಿಂದಲೇ ತುಂಬಿಸಿಕೊಳ್ಳಿ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಒಳಗೆ ಮೊಬೈಲ್ ಸಿಗ್ನಲ್ ಸಿಗೋದು ಕಷ್ಟ. ಪೆಟ್ರೋಲನ್ನು ಸೋಲೆಡಾಡಿನಲ್ಲೇ ಹಾಕಿಸಿಕೊಳ್ಳಿ.